ಕೋಸ್ ದ್ವೀಪವೂ ಮುರುಗಮಲ್ಲವೂ

ಮುರುಗಮಲ್ಲದ ಹೊರಗೆ ಒಂದು ಹುಳುಮನೆ. ಹಣ್ಣಾದ ರೇಷ್ಮೆ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟಿಗೆ ಬಿಡುವ ದಿನ. ಮಾತಾಡುತ್ತಿರುವವರು ಇಬ್ಬರು: ರೇಷ್ಮೆ ಬೆಳೆಯುವ ರೈತ ಮತ್ತು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾದ ಅಧ್ಯಾಪಕಿ.

ರೈತ: ಇಷ್ಟು ವರ್ಷ ಗ್ರೀಕರ ತತ್ವಶಾಸ್ತ್ರ ಹೇಳಿಕೊಟ್ಟಿರಿ. ಎರಡೂವರೆ ಸಾವಿರ ವರ್ಷದ ಹಿಂದೆ ಸಮುದ್ರದಾಚೆ ಯಾರೋ ಕೂತು ಯೋಚನೆ ಮಾಡಿದ್ದು. ಬೆಳಗೆದ್ದರೆ ಸೊಪ್ಪು, ಹುಳು, ಗೂಡಿನ ರೇಟು ಅಂತ ಓಡಾಡೋ ನನಗೆ ಅದರಿಂದ ಏನಾಗಬೇಕು?

ಅಧ್ಯಾಪಕಿ: ಅವರೂ ಹುಳು ನೋಡಿದವರೇ. ಪ್ರಾಣಿಗಳ ಬಗ್ಗೆ ಅರಿಸ್ಟಾಟಲ್ ಬರೆದ ದೊಡ್ಡ ಗ್ರಂಥದಲ್ಲಿ ಗೂಡು ಕಟ್ಟೋ ಒಂದು ಹುಳು ಬರುತ್ತೆ. ಹೆಂಗಸರು ಆ ಗೂಡಿನ ನೂಲು ಬಿಚ್ಚಿ, ಸುತ್ತಿ, ಬಟ್ಟೆ ನೇಯ್ತಾರೆ. ಹಾಗೆ ಮೊದಲು ನೇಯ್ದವಳು ಕೋಸ್ ದ್ವೀಪದ ಪಾಂಫೈಲೆ ಅನ್ನೋ ಹೆಣ್ಣುಮಗಳು ಅಂತ ಹೇಳಿಕೆ ಇದೆ ಅಂತಾನೆ. ಕ್ರಿ.ಪೂ. 4ನೇ ಶತಮಾನದ ಮಾತು ಇದು.

ರೈತ: ನಮ್ಮ ಹುಳುವೇನಾ?

ಅಧ್ಯಾಪಕಿ: ಅಲ್ಲ, ಅದು ಕಾಡುಜಾತಿ. ಹಿಪ್ಪುನೇರಳೆ ತಿನ್ನೋ ಚೀನಾದ ಹುಳು ಆ ಕಡೆ ಹೋಗಿದ್ದು ಕ್ರಿ.ಶ. 6ನೇ ಶತಮಾನದಲ್ಲಿ. ನಮ್ಮ ಮೈಸೂರು ಸೀಮೆಗೆ ರೇಷ್ಮೆ ತರಿಸಿದವನು ಟಿಪ್ಪು. ಆದರೆ ಕೋಸ್ ಬಗ್ಗೆ ಇನ್ನೂ ಎರಡು ವಿಷಯ ಇದೆ. ವೈದ್ಯ ಹಿಪೊಕ್ರಟಿಸ್ ಹುಟ್ಟಿದ್ದು ಅಲ್ಲೇ, ಸುಮಾರು ಕ್ರಿ.ಪೂ. 460ರಲ್ಲಿ. ಅವನ ಹೆಸರಿನ ವೈದ್ಯ ಪರಂಪರೆ ಬೆಳೆದದ್ದೂ ಅಲ್ಲೇ. ರೋಗ ವಾಸಿ ಮಾಡೋ ದೇವರು ಅಂತ ಗ್ರೀಕರು ನಂಬಿದ್ದ ಅಸ್ಕ್ಲೀಪಿಯಸ್‌ನ ದೊಡ್ಡ ಕ್ಷೇತ್ರ ಎದ್ದಿದ್ದೂ ಅಲ್ಲೇ.

ರೈತ: ರೇಷ್ಮೆ, ವೈದ್ಯ, ಹರಕೆ ಮೂರೂ ಒಂದೇ ಜಾಗದಲ್ಲಿ. ಹಾಗಾದರೆ ಅದು ನಮ್ಮೂರೇ ಬಿಡಿ. ಇಲ್ಲೂ ಹುಳು ಇದೆ, ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆ, ಆ ಕಡೆ ಮುಕ್ತೀಶ್ವರನ ಗುಡಿ ಇದೆ. ಎಲ್ಲೆಲ್ಲಿಂದಲೋ ಕಾಯಿಲೆಯವರನ್ನ ಕರ್ಕೊಂಡು ಬರ್ತಾರೆ. ಹಿಂದೂ ಮುಸಲ್ಮಾನ ಅನ್ನೋ ಲೆಕ್ಕ ಇಲ್ಲ.

ಅಧ್ಯಾಪಕಿ: ಅದಕ್ಕೇ ಹೇಳಿದ್ದು. ಆ ಗ್ರೀಕರು ಕೇಳಿದ ಮೂರು ಪ್ರಶ್ನೆ ಈ ಊರಿಗೆ ಚೆನ್ನಾಗಿ ಹೊಂದುತ್ತೆ. ಏನಿದೆ? ಅದು ನಮಗೆ ಹೇಗೆ ಗೊತ್ತು? ಅದು ಇರೋದು ಏತಕ್ಕೆ?

ರೈತ: ಮೊದಲನೇದು ಪ್ರಶ್ನೆಯೇ ಅಲ್ಲ. ಕಣ್ಣೆದುರಿಗೆ ಹುಳು ಇದೆ.

ಅಧ್ಯಾಪಕಿ: ಮೊಟ್ಟೆ, ಹುಳು, ಕೋಶ, ಚಿಟ್ಟೆ. ಈ ನಾಲ್ಕರಲ್ಲಿ ನಿಜವಾದ ಅದು ಯಾವುದು?

ರೈತ: ನಾಲ್ಕೂ ಅದೇ. ಆದರೆ ಜ್ವರ ಅಂತ ನಾವು ಕರೆಯೋ ನಿದ್ದೆ ನಾಲ್ಕು ಕಳೆಯೋಷ್ಟರಲ್ಲಿ ನಾಲ್ಕು ಸಲ ಚರ್ಮ ಬಿಡುತ್ತೆ. ಮರಿ ಹುಳು ಎರಡು ಮೂರು ಮಿಲಿಮೀಟರ್ ಇರುತ್ತೆ, ಈಗ ನೋಡಿ, ಬೆರಳುದ್ದ. ಮರಿ ಹುಳು ಸಾಕೋ ಚಾಕಿ ಕೇಂದ್ರದಿಂದ ತಂದಾಗ ಇದ್ದದ್ದರಲ್ಲಿ ಏನು ಉಳಿದಿದೆ ಅಂದರೆ ಹೇಳೋದು ಕಷ್ಟವೇ.

ಅಧ್ಯಾಪಕಿ: ನೀವು ಈಗ ನಿಂತಿರೋ ಜಾಗದಲ್ಲೇ ಅವರೂ ನಿಂತರು. ಎಫೆಸಸ್‌ನ ಹೆರಾಕ್ಲೈಟಸ್ ಎಲ್ಲವೂ ಹರೀತಾ ಇರುತ್ತೆ, ಬದಲಾವಣೆಯೇ ನಿಜ ಅಂದ. ಎಲಿಯಾದ ಪಾರ್ಮೆನಿಡಿಸ್ ತದ್ವಿರುದ್ಧ. ಇಲ್ಲದ್ದರಿಂದ ಇರೋದು ಹುಟ್ಟಲ್ಲ, ಇರೋದು ಇಲ್ಲವಾಗಲ್ಲ, ಆದ್ದರಿಂದ ಬದಲಾವಣೆ ಅನ್ನೋದು ಕಣ್ಣಿನ ಮೋಸ ಅಂದ. ಪ್ಲೇಟೋ ಈ ಲೋಕ ಹರಿಯೋದೇ, ಆದರೆ ಬದಲಾಗದ ರೂಪಗಳು ಬೇರೆ ಇವೆ, ಅವನ್ನ ಬುದ್ಧಿ ಮಾತ್ರ ಕಾಣುತ್ತೆ ಅಂದ. ಅವನ ಹತ್ತಿರ ಇಪ್ಪತ್ತು ವರ್ಷ ಇದ್ದ ಅರಿಸ್ಟಾಟಲ್ ಇನ್ನೊಂದು ದಾರಿ ತೆಗೆದ. ಇರೋದು, ಇಲ್ಲದ್ದು, ಇವೆರಡರ ನಡುವೆ ‘ಆಗಬಲ್ಲದ್ದು’ ಅಂತ ಒಂದಿದೆ ಅಂದ. ಮೊಟ್ಟೆ ಚಿಟ್ಟೆ ಅಲ್ಲ, ಆದರೆ ಚಿಟ್ಟೆ ಆಗಬಲ್ಲದ್ದು. ಕಲ್ಲು ಆಗಲಾರದು.

ರೈತ: ಕೂತಲ್ಲೇ ಹೇಳಿಬಿಟ್ಟನಾ?

ಅಧ್ಯಾಪಕಿ: ಇಲ್ಲ. ಕಾವಿಗೆ ಇಟ್ಟ ಕೋಳಿಮೊಟ್ಟೆಗಳಲ್ಲಿ ದಿನ ದಿನ ಏನಾಗುತ್ತೆ ಅಂತ ಒಡೆದು ನೋಡಿದ್ದನ್ನ ಬರೆದಿಟ್ಟಿದ್ದಾನೆ. ಮೂರು ದಿನ ಕಳೆದ ಮೇಲೆ ಒಳಗೆ ರಕ್ತದ ಚುಕ್ಕೆಯಷ್ಟು ಹೃದಯ ಕಾಣುತ್ತೆ, ಅದು ಮಿಡಿಯುತ್ತೆ ಅಂತ. ಪ್ಲೇಟೋನ ರೂಪಗಳನ್ನ ಬೇರೆ ಲೋಕದಿಂದ ಇಳಿಸಿ ಮೊಟ್ಟೆಯೊಳಗೆ ಹುಡುಕಿದವನು ಅವನು.

ರೈತ: ಸರಿ, ಹಾಗಾದರೆ ಮೂರನೇ ಪ್ರಶ್ನೆಗೆ ಬನ್ನಿ. ಏತಕ್ಕೆ? ನನ್ನನ್ನ ಕೇಳಿದರೆ ಹುಳು ಇರೋದು ಸೀರೆಗೆ.

ಅಧ್ಯಾಪಕಿ: ಯಾವುದನ್ನಾದರೂ ಅರಿಯೋಕೆ ನಾಲ್ಕು ಕಾರಣ ಕೇಳಬೇಕು ಅಂತಾನೆ ಅರಿಸ್ಟಾಟಲ್. ಏತರಿಂದ ಆಗಿದೆ, ಯಾವ ಆಕಾರ ಪಡೆದಿದೆ, ಯಾರು ಅಥವಾ ಏನು ಅದನ್ನ ಮಾಡಿತು, ಯಾವ ಗುರಿಗೆ ಮಾಡಿತು. ಆ ಹುಳುವನ್ನ ಹತ್ತಿರದಿಂದ ನೋಡಿ ಹೇಳಿ.

ರೈತ: ಹಣ್ಣಾದ ಹುಳು ಸೊಪ್ಪು ಮುಟ್ಟಲ್ಲ. ಮೈ ಗಾಜಿನ ಹಾಗೆ ಆಗುತ್ತೆ, ಬೆಳಕಿಗೆ ಹಿಡಿದರೆ ಒಳಗೆ ಹೊಂಬಣ್ಣ ಕಾಣುತ್ತೆ. ತಲೆ ಎತ್ತಿ ಹುಡುಕುತ್ತೆ. ಚಂದ್ರಿಕೆ ಸಿಕ್ಕಿದ ತಕ್ಷಣ ಮೊದಲು ನಾಲ್ಕು ಕಡೆ ಆಧಾರದ ಎಳೆ ಹಾಕುತ್ತೆ. ಆಮೇಲೆ ತಲೆಯನ್ನ ಇಂಗ್ಲಿಷ್ ಎಂಟರ ಆಕಾರದಲ್ಲಿ ಆಡಿಸ್ತಾ ಎರಡು ಮೂರು ದಿನ ಹಗಲು ರಾತ್ರಿ ನೂಲು ಬಿಡುತ್ತೆ. ಬೈವೋಲ್ಟಿನ್ ತಳಿಯ ಗೂಡಾದರೆ ಸುಮಾರು ಸಾವಿರ ಮೀಟರ್, ಒಂದೇ ಎಳೆ.

ಅಧ್ಯಾಪಕಿ: ಅದು ಯಾರಿಗಾಗಿ?

ರೈತ: (ಸ್ವಲ್ಪ ಹೊತ್ತಾದ ಮೇಲೆ) ತನಗಾಗಿ. ಒಳಗೆ ಕೋಶ ಆಗಿ, ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಆಗಿ ಹೊರಗೆ ಬರೋದಕ್ಕೆ. ಆದರೆ ಚಿಟ್ಟೆ ಗೂಡು ತೂತು ಮಾಡಿದರೆ ಎಳೆ ಕಡಿದುಹೋಗುತ್ತೆ. ಅಷ್ಟರೊಳಗೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿರ್ತೀವಿ, ರೀಲರ್ ಒಯ್ದು ಬಿಸಿಗೆ ಒಡ್ಡಿರ್ತಾನೆ. ಬಿತ್ತನೆ ಗೂಡಿನಲ್ಲಿ ಮಾತ್ರ ಚಿಟ್ಟೆ ಹೊರಗೆ ಬರುತ್ತೆ, ಅದೂ ಮೊಟ್ಟೆಗೆ.

ಅಧ್ಯಾಪಕಿ: ಹಾಗಾದರೆ ಒಂದೇ ಗೂಡಿಗೆ ಎರಡು ಗುರಿ. ಹುಳುವಿನ ಗುರಿ ಒಳಗಿದೆ, ನಮ್ಮ ಗುರಿ ಹೊರಗಿನಿಂದ ಹಾಕಿದ್ದು. ಅರಿಸ್ಟಾಟಲ್ ಜೀವಿಗಳ ಬಗ್ಗೆ ಬರೆಯುವಾಗ ಒಳಗಿನ ಗುರಿಯನ್ನೇ ಹಿಡೀತಾನೆ. ಪ್ರತಿ ಜೀವಿಯೂ ತಾನು ಪೂರ್ಣವಾಗಿ ಏನಾಗಬೇಕೋ ಅದರ ಕಡೆಗೆ ಬೆಳೆಯುತ್ತೆ ಅಂತ. ಅದೇ ಮನುಷ್ಯ ರಾಜ್ಯನೀತಿ ಬರೆಯುವಾಗ ಗಿಡಗಳಿರೋದು ಪ್ರಾಣಿಗಳಿಗೆ, ಪ್ರಾಣಿಗಳಿರೋದು ಮನುಷ್ಯರಿಗೆ ಅಂತಾನೆ. ಎರಡನೇ ಮಾತು ನನಗೆ ಒಪ್ಪಿಗೆ ಇಲ್ಲ.

ರೈತ: ನಾನು ಒಪ್ಪದೆ ಇದ್ದರೆ ಸಾಲ ತೀರಲ್ಲ. ಆದರೆ ಒಂದು ಕೇಳ್ತೀನಿ. ಈ ಚಿಟ್ಟೆಗೆ ರೆಕ್ಕೆ ಇದೆ, ಹಾರಲ್ಲ. ಬಾಯಿ ಇದ್ದೂ ತಿನ್ನಲ್ಲ. ಕೆಲವೇ ದಿನ ಬದುಕುತ್ತೆ. ಹಾರದ ರೆಕ್ಕೆಯ ಗುರಿ ಏನು?

ಅಧ್ಯಾಪಕಿ: ಇದು ಅರಿಸ್ಟಾಟಲ್‌ಗೇ ಕಷ್ಟವಾಗೋ ಪ್ರಶ್ನೆ. ಜೀವಿಗಳ ಜಾತಿಗಳು ಯಾವಾಗಲೂ ಹೀಗೇ ಇದ್ದವು ಅಂತ ಅವನು ನಂಬಿದ್ದ. ಸಾವಿರಾರು ವರ್ಷ ಮನುಷ್ಯ ಹೆಚ್ಚು ನೂಲು ಕೊಡೋದನ್ನೇ ಆರಿಸಿ ಆರಿಸಿ ಸಾಕಿದ್ದಕ್ಕೆ ಈ ಚಿಟ್ಟೆಗೆ ಹಾರಾಟ ಹೋಯಿತು. ಗುರಿ ಪ್ರಕೃತಿಯಲ್ಲಿ ಬರೆದಿಟ್ಟದ್ದಲ್ಲ, ಆಯ್ಕೆಯಿಂದ ಬದಲಾಗುತ್ತೆ ಅಂತ ಡಾರ್ವಿನ್ 1859ರಲ್ಲಿ ತೋರಿಸಿದ. ಆದರೂ ‘ಇದು ಏತಕ್ಕೆ’ ಅಂತ ಕೇಳದೆ ರೆಕ್ಕೆಯನ್ನೂ ಅರಿಯೋಕಾಗಲ್ಲ, ಕಣ್ಣನ್ನೂ ಅರಿಯೋಕಾಗಲ್ಲ. ಪ್ರಶ್ನೆ ಉಳಿದಿದೆ, ಉತ್ತರ ಬದಲಾಗಿದೆ.

ರೈತ: ಎರಡನೇದು ಬಿಟ್ಟುಬಿಟ್ಟಿರಿ. ಹೇಗೆ ಗೊತ್ತು ಅನ್ನೋದು.

ಅಧ್ಯಾಪಕಿ: ಅದಕ್ಕೆ ನೀವೇ ಉತ್ತರ ಕೊಡಿ. ಒಳಗೆ ಬರುವಾಗ ನನ್ನನ್ನ ಬಾಗಿಲಲ್ಲಿ ನಿಲ್ಲಿಸಿ ಕೈಕಾಲು ತೊಳೆಸಿದಿರಲ್ಲ, ಏತಕ್ಕೆ?

ರೈತ: ಬ್ಲೀಚಿಂಗ್ ಪೌಡರ್ ನೀರು. ರೋಗ ಬರಬಾರದು ಅಂತ. ನಮ್ಮಜ್ಜಿ ಕಾಲದಲ್ಲಿ ಹೊರಗಿನವರನ್ನ ಹುಳುಮನೆಗೆ ಬಿಡ್ತಾನೇ ಇರಲಿಲ್ಲ. ಹುಳುವಿಗೆ ದೃಷ್ಟಿ ತಗಲುತ್ತೆ ಅಂತಿದ್ದರು.

ಅಧ್ಯಾಪಕಿ: ಅಜ್ಜಿ ಹೇಳಿದ್ದು ಸರಿಯೋ ತಪ್ಪೋ?

ರೈತ: ಬಿಡಬಾರದು ಅನ್ನೋದು ಸರಿ. ದೃಷ್ಟಿ ಅನ್ನೋದು ತಪ್ಪು. ಆದರೆ ಫಲ ಒಂದೇ ಆಯಿತಲ್ಲ?

ಅಧ್ಯಾಪಕಿ: ಪ್ಲೇಟೋನ ಮೆನೋ ಸಂವಾದದಲ್ಲಿ ಸಾಕ್ರಟೀಸ್ ಇದನ್ನೇ ಕೇಳ್ತಾನೆ. ಲಾರಿಸಾ ಊರಿಗೆ ದಾರಿ ನಿಜವಾಗಿ ಬಲ್ಲವನು ಒಬ್ಬ. ಯಾವತ್ತೂ ಹೋಗದೆ ಊಹೆಯಿಂದ ಸರಿಯಾಗಿ ದಾರಿ ಹೇಳಿದವನು ಇನ್ನೊಬ್ಬ. ಇಬ್ಬರ ಹಿಂದೆ ಹೋದವರೂ ಊರು ಸೇರ್ತಾರೆ. ಹಾಗಿದ್ದ ಮೇಲೆ ಜ್ಞಾನಕ್ಕೆ ಏನು ಹೆಚ್ಚುಗಾರಿಕೆ? ಸರಿಯಾದ ನಂಬಿಕೆ ನಮ್ಮ ಹತ್ತಿರ ನಿಲ್ಲಲ್ಲ, ಓಡಿಹೋಗುತ್ತೆ, ಕಾರಣದಿಂದ ಕಟ್ಟಿಹಾಕಿದರೆ ಮಾತ್ರ ನಿಲ್ಲುತ್ತೆ ಅಂತಾನೆ ಸಾಕ್ರಟೀಸ್.

ರೈತ: ಅದು ನಿಜ, ನೋಡಿದೀನಿ. ಹೊರಗಿನವರದ್ದು ದೃಷ್ಟಿ, ನಮ್ಮವರದ್ದು ದೃಷ್ಟಿ ಅಲ್ಲ ಅಂತ ಅಜ್ಜಿ ಅಳಿಯಂದಿರನ್ನ ಒಳಗೆ ಬಿಡ್ತಿದ್ದರು. ಬೇರೆ ಹುಳುಮನೆಯಿಂದ ನೇರವಾಗಿ ಬಂದರೂ ಕಾಲು ತೊಳೆಸ್ತಿರಲಿಲ್ಲ. ಹಾಲುತೊಂಡೆ, ಸುಣ್ಣಕಟ್ಟು ರೋಗ ಬಂದು ಬೆಳೆಗೆ ಬೆಳೆಯೇ ಹೋದರೆ ಯಾರ ಕಣ್ಣು ಬಿತ್ತೋ ಅಂತ ಊರಲ್ಲಿ ಜಗಳ. ಕಾರಣ ತಪ್ಪಾಗಿದ್ದರೆ ನಿಯಮ ಸರಿಯಾಗಿದ್ದೂ ಕೈ ಕೊಡುತ್ತೆ.

ಅಧ್ಯಾಪಕಿ: ಗಂಟುರೋಗದ ವಿಷಯದಲ್ಲಿ ಇನ್ನೂ ಸ್ಪಷ್ಟ. ತಾಯಿಚಿಟ್ಟೆ ನೋಡೋಕೆ ಆರೋಗ್ಯವಾಗಿರುತ್ತೆ, ರೋಗ ಮೊಟ್ಟೆಗೆ ದಾಟಿರುತ್ತೆ. ಫ್ರಾನ್ಸ್‌ನ ರೇಷ್ಮೆ ಬೆಳೆಗಾರರು ಹಾಳಾಗಿಹೋಗ್ತಿದ್ದಾಗ, 1865ರಿಂದ ಕೆಲವು ವರ್ಷ ಲೂಯಿ ಪಾಶ್ಚರ್ ಇದನ್ನೇ ಅಭ್ಯಾಸ ಮಾಡಿ, ಮೊಟ್ಟೆಯಿಟ್ಟ ಚಿಟ್ಟೆಯನ್ನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಇದ್ದರೆ ಅದರ ಮೊಟ್ಟೆ ಸುಡೋ ಕ್ರಮ ತಂದ. ಇವತ್ತಿಗೂ ಬಿತ್ತನೆ ಕೇಂದ್ರಗಳಲ್ಲಿ ನಡೆಯೋದು ಆ ಪರೀಕ್ಷೆಯೇ. ಕಂಡದ್ದು ಬೇರೆ, ಇರೋದು ಬೇರೆ ಅಂತ ಪ್ಲೇಟೋ ಹೇಳಿದ್ದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ರೈತ: ತೆಂಗಿನಕಾಯಿ ಅಂಗೈಲಿಟ್ಟು ನೀರು ತೋರಿಸೋರ ಕಥೆಯೂ ಹೀಗೇ ಅನ್ನಿಸ್ತಿದೆ. ನೀರು ಬಿದ್ದ ಬೋರ್‌ವೆಲ್ ಎಲ್ಲರ ಬಾಯಲ್ಲೂ ಇರುತ್ತೆ. ಸಾವಿರ ಅಡಿ ಹೋಗಿ ಬರೀ ಧೂಳು ಬಂದದ್ದನ್ನ ಯಾರೂ ಎಣಿಸಲ್ಲ, ಸಾಲ ಮಾಡಿದವನೊಬ್ಬನ ಹೊರತು.

ಅಧ್ಯಾಪಕಿ: ಡಯಾಗೊರಸ್ ಅನ್ನೋ ಗ್ರೀಕನ ಬಗ್ಗೆ ಒಂದು ಕಥೆಯನ್ನ ರೋಮಿನ ಸಿಸೆರೊ ಬರೆದಿದ್ದಾನೆ. ಸಮೋಥ್ರೇಸ್ ದ್ವೀಪದ ದೇವಸ್ಥಾನದಲ್ಲಿ, ಬಿರುಗಾಳಿಯಿಂದ ಪಾರಾದವರು ಹರಕೆ ಒಪ್ಪಿಸಿದ ಚಿತ್ರಗಳನ್ನ ತೋರಿಸಿ, ದೇವರು ಕಾಯೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಅಂತ ಸ್ನೇಹಿತ ಕೇಳಿದ. ಮುಳುಗಿಹೋದವರ ಚಿತ್ರ ಯಾಕೆ ಒಂದೂ ಇಲ್ಲ ಅಂತ ಡಯಾಗೊರಸ್ ಕೇಳಿದ.

ರೈತ: (ಕೈ ನಿಲ್ಲಿಸಿ) ಮೇಡಂ, ನೀವು ಎಲ್ಲಿಗೆ ಬರ್ತಿದೀರಿ ಅಂತ ಗೊತ್ತಾಯಿತು. ದರ್ಗಾಕ್ಕೆ. ವಾಸಿಯಾದವರು ಮತ್ತೆ ಬರ್ತಾರೆ, ಆಗದವರು ಬರಲ್ಲ ಅಂತ. ಆದರೆ ನಮ್ಮ ಮನೇದೇ ಒಂದು ಮಾತಿದೆ. ಅಣ್ಣನ ಮಗಳಿಗೆ ಮೂರ್ಛೆ ಬರುತ್ತೆ. ಹೈಸ್ಕೂಲು ಓದ್ತಾಳೆ. ಮಾತ್ರೆ ಕೊಟ್ಟಿದ್ದರು. ಅತ್ತಿಗೆ ದರ್ಗಾಕ್ಕೆ ಹರಕೆ ಹೊತ್ತರು. ಆಮೇಲೆ ಕೆಲವು ತಿಂಗಳು ಬರಲೇ ಇಲ್ಲ. ಈಗ ಮಾತ್ರೆ ಬಿಡಿಸಿದಾರೆ, ಇನ್ನು ಬೇಕಿಲ್ಲ ಅಂತ.

ಅಧ್ಯಾಪಕಿ: ಬಿಡಿಸಿದಾರಾ? ಹಾಗಾದರೆ ತತ್ವ ಆಮೇಲೆ, ಇದು ಮೊದಲು. ಮೂರ್ಛೆಯ ಮಾತ್ರೆಯನ್ನ ಹೇಳದೆ ಕೇಳದೆ ನಿಲ್ಲಿಸಿದರೆ ಮೂರ್ಛೆ ಮರಳಿ ಬರಬಹುದು, ಒಂದರ ಹಿಂದೆ ಒಂದು ಬಂದು ಜೀವಕ್ಕೇ ಅಪಾಯ ಆಗಬಹುದು. ಇವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಸರಿಯಾಗಿ ಔಷಧಿ ತಗೊಂಡರೆ ಹತ್ತರಲ್ಲಿ ಏಳು ಜನದವರೆಗೆ ಮೂರ್ಛೆ ಪೂರ್ತಿ ಹಿಡಿತಕ್ಕೆ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಔಷಧಿ ದುಬಾರಿಯೂ ಅಲ್ಲ.

ರೈತ: ಅತ್ತಿಗೆ ಕೇಳ್ತಾರೆ, ಹರಕೆಯಿಂದ ನಿಂತಿದ್ದು ಅಲ್ಲ ಅಂತ ನಿಮಗೆ ಹೇಗೆ ಗೊತ್ತು ಅಂತ.

ಅಧ್ಯಾಪಕಿ: ಒಳ್ಳೇ ಪ್ರಶ್ನೆ, ಆದರೆ ಅದು ಎರಡೂ ಕಡೆಗೆ ತಿರುಗುತ್ತೆ. ಆ ತಿಂಗಳುಗಳಲ್ಲಿ ಮಾತ್ರೆಯೂ ಇತ್ತು, ಹರಕೆಯೂ ಇತ್ತು. ಯಾವುದರಿಂದ ಅಂತ ಗೊತ್ತಿಲ್ಲದಾಗ ಒಂದನ್ನ ಕಿತ್ತುಹಾಕೋ ಧೈರ್ಯ ಎಲ್ಲಿಂದ ಬಂತು? ಕೋಸ್ ಪರಂಪರೆಯ ಒಬ್ಬ ವೈದ್ಯ, ಸುಮಾರು ಕ್ರಿ.ಪೂ. 400ರಲ್ಲಿ, ಇದೇ ಮೂರ್ಛೆಯ ಬಗ್ಗೆ ಒಂದು ಪುಸ್ತಕ ಬರೆದ. ಆಗ ಅದನ್ನ ‘ಪವಿತ್ರ ರೋಗ’ ಅಂತಿದ್ದರು. ಬೇರೆ ರೋಗಗಳಿಗಿಂತ ಇದರಲ್ಲಿ ಹೆಚ್ಚಿನ ದೈವವೇನೂ ಇಲ್ಲ, ಇದಕ್ಕೂ ಕಾರಣ ಇದೆ, ಕಾರಣ ಇರೋದು ಮಿದುಳಿನಲ್ಲಿ ಅಂದ. ಗೊತ್ತಿಲ್ಲದ್ದನ್ನ ದೇವರ ಹೆಸರಿನಲ್ಲಿ ಮುಚ್ಚೋ ಮಂತ್ರವಾದಿಗಳ ಮೇಲೆ ಅವನಿಗೆ ಬಹಳ ಕೋಪ.

ರೈತ: ಅಷ್ಟು ಹಿಂದೆಯೇ ಮಿದುಳು ಅಂತ ಹೇಳಿದ್ದನಾ!

ಅಧ್ಯಾಪಕಿ: ಹೇಳಿದ. ಆದರೆ ಮಿದುಳಿನಿಂದ ಕಫ ಇಳಿದು ನಾಳಗಳನ್ನ ಕಟ್ಟುತ್ತೆ ಅಂತ ಕೊಟ್ಟ ವಿವರಣೆ ತಪ್ಪು. ಕೇಳಿದ ರೀತಿ ಮಾತ್ರ ಸರಿಯಿತ್ತು. ಹಾಗಾಗಿ ಮುಂದೆ ಬಂದವರು ತಿದ್ದಬಹುದಾಗಿತ್ತು, ತಿದ್ದಿದರು. ದೆವ್ವ ಅಂತ ಹೇಳಿದ್ದರೆ ತಿದ್ದೋಕೆ ದಾರಿಯೇ ಇರ್ತಿರಲಿಲ್ಲ. ಆ ವೈದ್ಯ ವಿದ್ಯೆ ಅರಬರ ಕೈ ದಾಟಿ ಯುನಾನಿಯಾಗಿ ನಮ್ಮ ಹಕೀಮರವರೆಗೆ ಬಂತು. ದರ್ಗಾಕ್ಕೆ ಬರೋರ ಮನೆಗಳಲ್ಲಿ ಬುಖ್ರಾತ್ ಅನ್ನೋ ಹೆಸರು ಕೇಳಿದವರು ಇರಬಹುದು. ಅವನೇ ಹಿಪೊಕ್ರಟಿಸ್.

ರೈತ: ಎಚ್. ನರಸಿಂಹಯ್ಯನವರೂ ಪವಾಡ ಪರೀಕ್ಷೆ ಮಾಡ್ತೀವಿ ಅಂತ ಹೊರಟವರಲ್ಲವಾ? ಅವರೂ ನಮ್ಮ ಕಡೆಯವರೇ.

ಅಧ್ಯಾಪಕಿ: ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, 1920ರಲ್ಲಿ ಹುಟ್ಟಿದವರು. ಭೌತವಿಜ್ಞಾನಿ, ಗಾಂಧಿವಾದಿ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸೋಕೆ ಸಮಿತಿ ಮಾಡಿದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಅಂತ ಕೊನೇವರೆಗೂ ಹುಡುಗರಿಗೆ ಹೇಳಿದರು. ಸಾಕ್ರಟೀಸ್ ಅಥೆನ್ಸಿನ ಸಂತೆಯಲ್ಲಿ ಮಾಡಿದ ಕೆಲಸವನ್ನ ಅವರು ನಮ್ಮ ಕಾಲೇಜುಗಳಲ್ಲಿ ಮಾಡಿದರು.

ರೈತ: ಅವರ ಮೇಲೆ ನನಗೂ ಗೌರವ ಇದೆ. ಆದರೆ ನನ್ನ ಮಾತನ್ನೂ ಕೇಳಿ. ಅತ್ತಿಗೆ ಆಸ್ಪತ್ರೆಗೆ ಹೋದಾಗ ಡಾಕ್ಟರಿಗೆ ಐದು ನಿಮಿಷ ಪುರುಸೊತ್ತಿಲ್ಲ. ಊರಲ್ಲಿ ಹೇಳಿಕೊಂಡರೆ ನಾಳೆ ಹುಡುಗಿಗೆ ಗಂಡು ಸಿಗಲ್ಲ ಅಂತ ಭಯ. ದರ್ಗಾದಲ್ಲಿ ಪಕ್ಕದಲ್ಲಿ ಕೂತಿರೋದೂ ಅಂಥ ತಾಯಂದಿರೇ. ಅಲ್ಲಿ ಅವರು ಬಾಯಿಬಿಟ್ಟು ಅತ್ತರು. ನೀವು ಅದನ್ನ ಮೂಢನಂಬಿಕೆ ಅಂದರೆ ನಾನು ಕೇಳಲ್ಲ.

ಅಧ್ಯಾಪಕಿ: ನಾನು ಅನ್ನಲ್ಲ, ಆ ಕೋಸ್ ವೈದ್ಯನೂ ಅನ್ನಲಿಲ್ಲ. ಎಲ್ಲ ರೋಗವೂ ಒಂದೇ ಸಮ ದೈವಿಕ, ಒಂದೇ ಸಮ ಮಾನುಷ ಅನ್ನೋದು ಅವನ ನಿಲುವು. ಎಪಿಡಾರಸ್‌ನಲ್ಲಿದ್ದ ಅಸ್ಕ್ಲೀಪಿಯಸ್‌ನ ಕ್ಷೇತ್ರದಲ್ಲಿ ರೋಗಿಗಳು ರಾತ್ರಿ ಮಲಗಿ ಕನಸಿಗೆ ಕಾಯ್ತಿದ್ದರು, ವಾಸಿಯಾದವರ ಕಥೆ ಕಲ್ಲಿನ ಮೇಲೆ ಕೆತ್ತಿಸ್ತಿದ್ದರು. ವೈದ್ಯರೂ ಅದೇ ಅಸ್ಕ್ಲೀಪಿಯಸ್‌ನನ್ನ ತಮ್ಮ ಮೂಲಪುರುಷ ಅಂತಿದ್ದರು. ನಿಮ್ಮ ಅತ್ತಿಗೆ ದರ್ಗಾದಲ್ಲಿ ಕೇಳಿದ್ದು ಮೂರನೇ ಪ್ರಶ್ನೆ. ನನ್ನ ಮಗಳಿಗೇ ಯಾಕೆ ಹೀಗೆ, ಇನ್ನು ಅವಳ ಬದುಕು ಏತಕ್ಕೆ ಅಂತ. ಅದಕ್ಕೆ ಮಾತ್ರೆಯಲ್ಲಿ ಉತ್ತರ ಇಲ್ಲ. ಮೂರ್ಛೆ ಯಾವುದರಿಂದ ನಿಲ್ಲುತ್ತೆ ಅನ್ನೋದು ಎರಡನೇ ಪ್ರಶ್ನೆ. ಅದಕ್ಕೆ ಕಣ್ಣೀರಿನಲ್ಲಿ ಉತ್ತರ ಇಲ್ಲ. ಒಂದರ ಉತ್ತರವನ್ನ ಇನ್ನೊಂದಕ್ಕೆ ಕೊಟ್ಟಾಗಲೇ ಅನಾಹುತ.

ರೈತ: ಎಷ್ಟು ದೊಡ್ಡ ಅನಾಹುತ?

ಅಧ್ಯಾಪಕಿ: 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾಕ್ಕೆ ಅಂತ ಕರ್ಕೊಂಡು ಬಂದ ಮಾನಸಿಕ ರೋಗಿಗಳನ್ನ ಸರಪಳಿಯಲ್ಲಿ ಕಟ್ಟಿಹಾಕಿದ್ದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿತ್ತು. 28 ಜನ ಸತ್ತರು. ಓಡೋಕಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಬಾರದು ಅಂತ ಹೇಳುತ್ತೆ. ಪ್ರಾರ್ಥನೆ ಅವರನ್ನ ಕೊಲ್ಲಲಿಲ್ಲ. ಪ್ರಾರ್ಥನೆ ಇದೆ, ಇನ್ನೇನೂ ಬೇಡ ಅಂತ ಅಲ್ಲಿಗೇ ಕೈಬಿಟ್ಟದ್ದು ಕೊಂದಿತು.

ರೈತ: ಹಾಗಾದರೆ ದರ್ಗಾಕ್ಕೆ ಹೋಗಲಿ ಅಂತೀರಾ, ಬೇಡ ಅಂತೀರಾ?

ಅಧ್ಯಾಪಕಿ: ಹೋಗಲಿ, ಮಾತ್ರೆ ಜೇಬಲ್ಲಿಟ್ಟುಕೊಂಡು ಹೋಗಲಿ. ಆದರೆ ನಾನು ಹೇಳಬೇಕಾದ ಮಾತು ಬೇರೆ ಇದೆ. ಹುಳುವಿನ ಗುರಿ ಒಂದು, ನಾವು ಅದರ ಮೇಲೆ ಹಾಕಿದ ಗುರಿ ಇನ್ನೊಂದು ಅಂತ ನೀವೇ ತೋರಿಸಿದಿರಿ. ಈ ಹುಡುಗಿಗೂ ಹಾಗೇ ಆಗ್ತಿದೆ. ಅವಳು ವಾಸಿಯಾದರೆ ನಂಬೋರಿಗೆ ಹರಕೆಗೆ ಸಾಕ್ಷಿ, ಆಗದೆ ಹೋದರೆ ನನ್ನಂಥವರಿಗೆ ವಾದಕ್ಕೆ ಸಾಕ್ಷಿ. ಮನೆಯವರಿಗೆ ಮದುವೆಯ ಚಿಂತೆ. ಮನುಷ್ಯನ ಗುರಿ ಚೆನ್ನಾಗಿ ಬದುಕೋದು, ತನ್ನ ಶಕ್ತಿಯೆಲ್ಲ ಅರಳೋ ಹಾಗೆ ಬದುಕೋದು ಅಂತ ಅರಿಸ್ಟಾಟಲ್ ಹೇಳಿದ. ಆ ಮಾತನ್ನ ಅವನು ಹೆಂಗಸರಿಗೂ ಗುಲಾಮರಿಗೂ ಪೂರ್ತಿ ಕೊಡಲಿಲ್ಲ, ಅದು ಅವನ ದೊಡ್ಡ ತಪ್ಪು. ನಾವು ಕೊಡಬೇಕು. ಅವಳು ಯಾರ ಪುರಾವೆಯೂ ಅಲ್ಲ. ಅವಳ ಗುರಿ ಅವಳೊಳಗಿದೆ. ಅವಳಿಗೆ ಏನು ಬೇಕು ಅಂತ ಯಾರಾದರೂ ಕೇಳಿದಾರಾ?

ರೈತ: ಇಲ್ಲ. ಮಾತ್ರೆ ಬಿಡಿಸಿದಾಗಲೂ ಕೇಳಲಿಲ್ಲ, ಹರಕೆ ಹೊತ್ತಾಗಲೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಷ್ಟು ಹುಳು ಚಂದ್ರಿಕೆಗೆ ಹತ್ತಿಸಿಬಿಡೋಣ, ಕೈ ಹಾಕಿ. ಮುಗಿದ ತಕ್ಷಣ ಅಣ್ಣನ ಮನೆಗೆ ಹೋಗೋಣ, ನೀವೂ ಬನ್ನಿ. ಇವತ್ತೇ ಚಿಂತಾಮಣಿ ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ಅತ್ತಿಗೆಗೆ ನಾನು ಹೇಳ್ತೀನಿ. ಆದರೆ ಹುಡುಗಿ ಹತ್ತಿರ ಮೊದಲು ಮಾತಾಡೋದು ನೀವು, ಅವಳು ಹೇಳೋದನ್ನ ಪೂರ್ತಿ ಕೇಳಿಸಿಕೊಂಡ ಮೇಲೆ ಮಿಕ್ಕಿದ್ದು.